ಕಾರಿಗೆ ದಂತಚಿಕಿತ್ಸೆ

ನಾನು ಮುಖ ಊದಿಸಿಕೊಂಡು ವಾರಗಟ್ಟಲೆ ಓಡಾಡಿದರೂ "ಏನಾಯ್ತೇ?" ಎಂದು ಒಂದು ಮಾತು ಕೇಳದ ನಮ್ಮವರು, ಕಾರಿನ ಮುಖದಲ್ಲಿ ಪುಟ್ಟದೊಂದು ಹಳದಿ ದೀಪ ಹತ್ತಿಕೊಂಡಿತೆಂದು ಊಟ ಬಿಟ್ಟರು. ಅದೂ ಯಾವತ್ತು? ನಾನು ಅಕ್ಕನ ಮನೆಗೆ ಹೊರಟು ನಿಂತ ದಿನ!

ಅಕ್ಕನ ಮನೆ ಇರುವುದು ಬೆಟ್ಟದ ಮೇಲೆ. ಅಲ್ಲಿ ನಾಲ್ಕು ದಿನ ಕಾಲು ಚಾಚಿ ಕೂತು, ಇನ್ನೊಬ್ಬರು ಮಾಡಿ ಬಡಿಸಿದ್ದನ್ನು ಉಣ್ಣಬೇಕೆಂಬುದು ನನ್ನ ಬಹುಕಾಲದ ತಪಸ್ಸು. ಹಲ್ಲಿನ ಡಾಕ್ಟರ ಕೈ ಹಿಡಿದ ತಪ್ಪಿಗೆ (ಕ್ಲಿನಿಕ್ಕು ಮನೆಯ ಮುಂದಿನ ಕೋಣೆಯಲ್ಲೇ ಇದೆ) ಚೀಟಿ ಕೊಡುವವಳು ನಾನು, ಉಗುಳುವ ಬಟ್ಟಲು ತೊಳೆಯುವವಳು ನಾನು, ಸೂಜಿ ಕಂಡು ಎದ್ದೋಡುವವರನ್ನು ಗೇಟಿನ ಹತ್ತಿರ ಅಡ್ಡಗಟ್ಟುವವಳೂ ನಾನೇ. ಅಂಥವಳು ಬ್ಯಾಗು ತುಂಬಿಕೊಂಡು, ಅಕ್ಕನ ಮಕ್ಕಳಿಗೆಂದು ಮಾಡಿದ ಬಿಸ್ಕತ್ತಿನ ಸ್ಟೀಲ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತಿದ್ದೆ. ನಮ್ಮವರು ಕೀಲಿ ತಿರುಗಿಸಿದರು.

"ಇಳಿ," ಎಂದರು.

"ಯಾಕ್ರೀ?"

"ಡ್ಯಾಶ್‌ಬೋರ್ಡಲ್ಲಿ ಎಬಿಎಸ್ ದೀಪ ಆರ್ತಾನೇ ಇಲ್ಲ."

"ಅದರ ಪಾಡಿಗೆ ಅದು ಉರೀಲಿ ಬಿಡ್ರೀ. ಬ್ರೇಕ್ ಹಿಡಿಯುತ್ತೆ ತಾನೆ?"

"ಹಿಡಿಯುತ್ತೆ. ಆದ್ರೆ ಗಕ್ಕನೆ ಒತ್ತಿದ್ರೆ ಚಕ್ರ ತಿರುಗೋದು ನಿಂತು ಗಾಡಿ ಜಾರಿಬಿಡುತ್ತೆ. ಹಾಗಾಗದ ಹಾಗೆ ನೋಡ್ಕೊಳ್ಳೋದೇ ಎಬಿಎಸ್ಸು. ಅದು ಕೆಟ್ಟಿರೋವಾಗ ಬೆಟ್ಟದ ರಸ್ತೆಗೆ ಹೋಗೋದೇ? ಅದೂ ನಿನ್ನನ್ನ ಕೂರಿಸ್ಕೊಂಡು?"

(ಇದು ನನ್ನ ಜೀವದ ಮೇಲಿನ ಪ್ರೀತಿಯೋ, ತೂಕದ ಮೇಲಿನ ಟೀಕೆಯೋ ತಿಳಿಯಲಿಲ್ಲ.)

"ಹಾಗಾದ್ರೆ ಗ್ಯಾರೇಜಿಗೆ ಬಿಡಿ."

ನಮ್ಮವರ ಮುಖ ಕಪ್ಪಿಟ್ಟಿತು. ಬೀದಿ ಕೊನೆಯ ಗ್ಯಾರೇಜಿನವನು ತನ್ನ ಹುಳುಕು ದವಡೆಹಲ್ಲನ್ನು ಪಕ್ಕದ ಬೀದಿಯ ಡಾಕ್ಟರ ಹತ್ತಿರ ಕೀಳಿಸಿಕೊಂಡಿದ್ದ. ನಮ್ಮ ಮನೆಯಲ್ಲಿ ಅದಕ್ಕಿಂತ ಘೋರವಾದ ಪಾತಕ ಇನ್ನೊಂದಿಲ್ಲ.

"ಅವನ ಹಲ್ಲು ನನ್ನ ಕೈಗೆ ಬರಲ್ಲ ಅಂದ್ಮೇಲೆ ನನ್ನ ಗಾಡಿ ಅವನ ಕೈಗೆ ಯಾಕೆ ಹೋಗ್ಬೇಕು? ನಾನೂ ಡಾಕ್ಟರೇ. ದೀಪ ಅನ್ನೋದು ಹಲ್ಲುನೋವಿದ್ದ ಹಾಗೆ, ಮೂಲ ಹುಡುಕ್ಬೇಕು."

ಹುಡುಕತೊಡಗಿದರು. ಬಾನೆಟ್ ಎತ್ತಿ ಬ್ರೇಕ್ ಆಯಿಲ್ ನೋಡಿದರು, ತುಂಬಿತ್ತು. ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ಬೆಳಕಿಗೆ ಹಿಡಿದು ನೋಡಿದರು, ಎಲ್ಲವೂ ಆರೋಗ್ಯವಾಗಿದ್ದವು. (ವಾಪಸು ಕೂರಿಸಿದ ಮೇಲೆ ಹಾರ್ನ್ ಮಾತ್ರ ಮೌನವ್ರತ ಹಿಡಿಯಿತು.) ಸಂಜೆಗೆ ಅಕ್ಕನ ಫೋನು. "ಹೊರಟ್ರೇನೇ?" ನಾನು ಏನೆಂದು ಹೇಳಲಿ! ಬ್ಯಾಗಿನಿಂದ ಒಂದು ಸೀರೆ ತೆಗೆದು ಉಟ್ಟುಕೊಂಡೆ. ಮರುದಿನ ಇನ್ನೊಂದು. ಹೊರಡುವ ಮೊದಲೇ ಬ್ಯಾಗು ಖಾಲಿಯಾಗುವ ಲಕ್ಷಣ ಕಾಣಿಸಿತು.

ಆಮೇಲೆ ಬೆಂಕಿಪೊಟ್ಟಣದಷ್ಟು ಪುಟ್ಟದೊಂದು ಯಂತ್ರ ತರಿಸಿ ಸ್ಟಿಯರಿಂಗಿನ ಕೆಳಗೆ ಸಿಕ್ಕಿಸಿದರು. ರೋಗ ಯಾವ ಅಂಗದ್ದೆಂದು ಅದು ಫೋನಿನಲ್ಲಿ ಬರೆದು ತೋರಿಸುತ್ತದಂತೆ.

"ಸಿಕ್ತು ಕಣೇ! ಬಲಗಡೆ ಹಿಂದಿನ ಚಕ್ರದ ಸೆನ್ಸರ್. ಚಕ್ರ ಎಷ್ಟು ಜೋರಾಗಿ ತಿರುಗ್ತಿದೆ ಅಂತ ವರದಿ ಕೊಡೋದು ಅದರ ಕೆಲಸ. ನಾಲ್ಕರಲ್ಲಿ ಒಂದು ಸುಮ್ಮನಾದ್ರೂ ಸಾಕು, ಇಡೀ ಎಬಿಎಸ್ಸೇ ಕೈ ಕಟ್ಟಿ ಕೂತುಬಿಡುತ್ತೆ."

"ಈ ಮನೇಲಿ ನಾನೊಬ್ಬಳು ಕೈ ಕಟ್ಟಿ ಕೂತ್ರೆ ಯಾವ ದೀಪ ಹತ್ತುತ್ತೋ ನೋಡ್ಬೇಕು," ಎಂದೆ.

ಅವರಾಗಲೇ ಕಾರಿನ ಕೆಳಗಿದ್ದರು.

ಜಾಕ್ ಏರಿಸಿ ಚಕ್ರ ಬಿಚ್ಚಿದರು. ಮುಖಕ್ಕೆ ಮಾಸ್ಕು, ಕೈಗೆ ಗ್ಲೌಸು, ಹಣೆಗೆ ಕ್ಲಿನಿಕ್ಕಿನ ದೀಪ. ಬಾಯೊಳಗೆ ಇಣುಕುವ ಪುಟ್ಟ ಕನ್ನಡಿಯನ್ನು ಚಕ್ರದ ಸಂದಿಗೆ ತೂರಿಸಿದರು. ನಾನು ಟಾರ್ಚು ಹಿಡಿದು ನಿಂತಿದ್ದೆ. ಕ್ಲಿನಿಕ್ಕಿನ ಬಾಗಿಲಲ್ಲಿ ಕೆನ್ನೆ ಊದಿಸಿಕೊಂಡ ಮೇಷ್ಟ್ರೊಬ್ಬರು ಬಂದು ನಿಂತರು.

"ಡಾಕ್ಟ್ರೇ, ನನ್ನ ಹಲ್ಲು..."

"ಈ ಚಕ್ರ ಆದ್ಮೇಲೆ ನೀವೇ, ಮೇಷ್ಟ್ರೇ. ಕೂತಿರಿ."

ಕೊನೆಗೆ ಬೆರಳುದ್ದದ ಕಪ್ಪು ತುಂಡೊಂದು ಹೊರಗೆ ಬಂತು. ತುದಿಗೆ ಮಣ್ಣೂ ಕಬ್ಬಿಣದ ಪುಡಿಯೂ ಸೇರಿ ಮೆತ್ತಿಕೊಂಡಿತ್ತು.

"ಪಾಚಿ! ಪಾಚಿ ಕಟ್ಟಿದೆ ಕಣೇ!" ನಮ್ಮವರು ಆನಂದದಿಂದ ಕೂಗಿದರು. ಉಜ್ಜಿದರು, ಒರೆಸಿದರು, ಮತ್ತೆ ಕೂರಿಸಿ ಬೀದಿಯಲ್ಲಿ ಒಂದು ಸುತ್ತು ಓಡಿಸಿಕೊಂಡು ಬಂದರು. ನಿಜ ಹೇಳಬೇಕು, ದೀಪ ಆರಿತ್ತು! ಮದುವೆಯಾದಂದಿನಿಂದ ಮೊದಲ ಬಾರಿಗೆ ಅವರ ಬಗ್ಗೆ ನನಗೆ ಹೆಮ್ಮೆಯೆನಿಸಿತು. ಓಡಿ ಹೋಗಿ ಬ್ಯಾಗು ತುಂಬಿದೆ, ಡಬ್ಬಿ ಎತ್ತಿಕೊಂಡೆ, ಕಾರು ಹತ್ತಿದೆ.

"ಮೇಷ್ಟ್ರೇ, ಐದೇ ನಿಮಿಷ!" ಎಂದು ಕೂಗಿ ನಮ್ಮವರು ಹೊರಟರು. "ಬೆಟ್ಟಕ್ಕೆ ಹೋಗೋ ಮೊದ್ಲು ಒಂದ್ಸಲ ಪರೀಕ್ಷೆ ಮಾಡ್ಬೇಕು. ನೀನೂ ಲಗೇಜೂ ಇದ್ರೆ ಭಾರ ಸರಿಯಾಗಿರುತ್ತೆ."

ಗೋದಾಮಿನ ಹಿಂದಿನ ಜಲ್ಲಿ ರಸ್ತೆ ಖಾಲಿಯಿತ್ತು. ವೇಗ ಏರಿಸಿದರು. "ಈಗ!" ಎಂದವರೇ ಬ್ರೇಕಿನ ಮೇಲೆ ನಿಂತರು. ಕಾಲಡಿಯಲ್ಲಿ ಗರಗರ ಸದ್ದು (ಎಬಿಎಸ್ಸು ಕೆಲಸ ಮಾಡುವ ಸದ್ದಂತೆ). ಕಾರು ಒಂದಿಷ್ಟೂ ಜಾರದೆ ನೂಲು ಹಿಡಿದಂತೆ ನೇರವಾಗಿ ನಿಂತಿತು.

"ನೋಡಿದ್ಯಾ!" ಎಂದು ತಿರುಗಿದರು.

ನಾನು ನೋಡುವ ಸ್ಥಿತಿಯಲ್ಲಿರಲಿಲ್ಲ. ಬೆಲ್ಟು ನನ್ನ ಮೈಯನ್ನು ಹಿಡಿದಿಟ್ಟಿತ್ತು, ತಲೆಯನ್ನಲ್ಲ. ಅದು ಬಾಗಿ, ಎದೆಗವಚಿಕೊಂಡಿದ್ದ ಸ್ಟೀಲ್ ಡಬ್ಬಿಗೆ ಶರಣಾಗಿತ್ತು. ಎದುರಿನ ಹಲ್ಲಿನ ಅರ್ಧ ಭಾಗ ನನ್ನ ಅಂಗೈಯಲ್ಲಿತ್ತು.

ಕಾರು ಬೆಟ್ಟದ ಕಡೆಗಲ್ಲ, ಮನೆ ಕಡೆಗೆ ತಿರುಗಿತು. "ಪಾಪ, ಅಮ್ಮನವರದೇ ಮೊದ್ಲು ಆಗ್ಲಿ," ಎಂದು ಮೇಷ್ಟ್ರು ಸರದಿ ಬಿಟ್ಟುಕೊಟ್ಟರು. ನಾನು ಕುರ್ಚಿಯಲ್ಲಿ ಅಂಗಾತ ಮಲಗಿದೆ. ಬಾಯಿ ತುಂಬ ಹತ್ತಿ. ಹಲ್ಲಿಗೆ ಸಿಮೆಂಟು ಮೆತ್ತುತ್ತಿರುವಾಗ ಅಕ್ಕನ ಫೋನು ಬಂತು. ನಮ್ಮವರು ಸ್ಪೀಕರಿಗೆ ಹಾಕಿ, ನಡೆದದ್ದನ್ನು ಹೇಳಿದರು.

"ಅಯ್ಯೋ ನನ್ನ ತಂಗಿ!" ಅಕ್ಕ ಅತ್ತೇಬಿಟ್ಟಳು. "ಅವಳು ಬರೋದೇನೂ ಬೇಡ, ನಾವೇ ಬಂದು ನೋಡ್ತೀವಿ. ಮಕ್ಕಳಿಗೂ ರಜ. ನಮ್ಮನೆಯವರು, ನಮ್ಮತ್ತೆ, ಮೈದುನ, ಅವನ ಹೆಂಡ್ತಿ ಮಕ್ಕಳು, ಎಲ್ಲರೂ ಬರ್ತೀವಿ. ಒಂದ್ವಾರ ಇದ್ದು ಹೋಗ್ತೀವಿ. ಅವಳಿಗೆ ತೊಂದ್ರೆ ಆಗಲ್ಲ ತಾನೆ? ಏನೇ, ಬರೋಣ್ವಾ?"

ನಾನು ಜೀವವನ್ನೆಲ್ಲ ಒಟ್ಟುಗೂಡಿಸಿ "ಉಹೂಂ!" ಎಂದೆ. 'ಉ' ಹತ್ತಿಯಲ್ಲೇ ಸಿಕ್ಕಿಕೊಂಡಿತು. ಉಳಿದದ್ದು ಮಾತ್ರ ಹೊರಗೆ ಬಂತು.

"ಹೂಂ ಅಂತಿದಾಳೆ ಅತ್ತಿಗೆ, ಬನ್ನಿ ಬನ್ನಿ!" ಎಂದರು ನಮ್ಮವರು.

ತಲೆಯಾದರೂ ಅಲ್ಲಾಡಿಸೋಣವೆಂದು ನೋಡಿದೆ. ಅವರು ನನ್ನ ಗದ್ದವನ್ನು ಬಿಗಿಯಾಗಿ ಹಿಡಿದುಕೊಂಡರು.

"ಖುಷಿ ಆಮೇಲೆ ಪಡುವೆಯಂತೆ. ಸಿಮೆಂಟು ಒಣಗೋವರೆಗೂ ಅಲ್ಲಾಡ್ಬೇಡ."