ಮಕ್ತಬಾ ಟ್ರೈನಿ

ಲೈಬ್ರರಿ ಅಂದರೆ ಸದ್ದಿಲ್ಲದ ಜಾಗ, ಅಲ್ಲಿ ಏನೂ ನಡೆಯುವುದಿಲ್ಲ ಎಂದು ನಂಬಿದವರಲ್ಲಿ ನಾನೂ ಒಬ್ಬಳು. ಅದಕ್ಕೇ ಆ ಕೆಲಸ ಕಲಿಯಲು ಹೊರಟದ್ದು. ಆದರೆ ಕಾಲಿಟ್ಟ ದಿನದಿಂದ ಏನಾದರೊಂದು ನಡೆಯುತ್ತಲೇ ಇತ್ತು. ನಡೆಯದ ದಿನ ಮನೆಯಲ್ಲಿ ಗಂಡನೇ ಕೇಳುತ್ತಿದ್ದ, "ಎಂತ, ಇವತ್ತು ಲೈಬ್ರರಿಗೆ ರಜೆಯಾ?"

ನಾನು ಉಡುಪಿ ಕಡೆಯವಳು. ಗಂಡನಿಗೆ ಅಲ್ ಮಬೇಲಾದ ಒಂದು ವರ್ಕ್‌ಶಾಪಿನಲ್ಲಿ ಅಕೌಂಟ್ಸ್ ಕೆಲಸ. ಒಮಾನಿಗೆ ಬಂದು ಆರು ವರ್ಷ ಮನೆ, ಮಗಳು, ಮೀನು ಎಂದು ಕಳೆದ ಮೇಲೆ ಲೈಬ್ರರಿ ಸೈನ್ಸ್ ಎಂ.ಎ.ಗೆ ಸೇರಿದೆ. ಕೊನೆಯ ಸೆಮಿಸ್ಟರಿನಲ್ಲಿ ತರಬೇತಿಗೆಂದು ಅಲ್ ಖೌದ್‌ನ ಬೇರೊಂದು ಕಾಲೇಜಿನ ಲೈಬ್ರರಿಗೆ ಹಾಕಿದರು. ಆ ತರಬೇತಿ ಪಾಸಾದರೆ ಹತ್ತಿರದ ಇಂಡಿಯನ್ ಸ್ಕೂಲಿನಲ್ಲಿ ಲೈಬ್ರೇರಿಯನ್ ಕೆಲಸ ಕೊಡುವುದಾಗಿ ಅಲ್ಲಿಯ ಪ್ರಿನ್ಸಿಪಾಲರು ಮಾತು ಕೊಟ್ಟಿದ್ದರು. ಮದುವೆಯಾದ ಮೇಲೆ ನನ್ನದು ಅಂತ ಸಿಗುವ ಮೊದಲ ಕೆಲಸ. ನನಗೆ ಅದು ಬೇಕೇ ಬೇಕಿತ್ತು.

ಪಾಸೋ ಫೇಲೋ ಎಂದು ಬರೆಯಬೇಕಾದವರು ಆ ಲೈಬ್ರರಿಯ ಮುಖ್ಯಸ್ಥೆ, ಒಬ್ಬ ಒಮಾನಿ ಮಹಿಳೆ. ಅವರನ್ನು ಎಲ್ಲರೂ ಕರೆಯುವುದು ‘ಉಸ್ತಾದಾ’ ಎಂದು, ನಾವು ‘ಟೀಚರ್’ ಅನ್ನುವ ಹಾಗೆ. ಮಾತು ಕಡಿಮೆ, ನೋಟ ಜಾಸ್ತಿ.

೧. ದೊಡ್ಡ ಮಕ್ತಬಾ

ಮೊದಲ ದಿನ ಟ್ಯಾಕ್ಸಿ ಹತ್ತಿದೆ. ಆರು ವರ್ಷದಲ್ಲಿ ಕಲಿತ ಅರಬ್ಬಿಯನ್ನು ತೋರಿಸಿಬಿಡೋಣ ಎಂದು ಡ್ರೈವರಿಗೆ "ಮಕ್ತಬಾ" ಅಂದೆ. ಮಕ್ತಬಾ ಅಂದರೆ ಲೈಬ್ರರಿ, ಅದು ನನ್ನ ಪಠ್ಯದಲ್ಲೇ ಇತ್ತು.

"ಯಾವ ಮಕ್ತಬಾ?" ಅಂದ.

"ದೊಡ್ಡ ಮಕ್ತಬಾ."

ಅವನು ಖುಷಿಯಿಂದ ತಲೆಯಾಡಿಸಿ ಒಂದು ಕಟ್ಟಡದೆದುರು ಇಳಿಸಿದ. ಬೋರ್ಡಿನಲ್ಲಿ ಅರಬ್ಬಿಯಲ್ಲಿ ಮಕ್ತಬಾ, ಕೆಳಗೆ ಇಂಗ್ಲಿಷಿನಲ್ಲಿ ದೊಡ್ಡದಾಗಿ ‘ಲೈಬ್ರರಿ’ ಎಂದೇ ಇತ್ತು. ಒಳಗೆ ಹೋದರೆ ನೋಟ್‌ಬುಕ್ಕು, ಬಣ್ಣದ ಕಾಗದ, ಸ್ಕೂಲ್ ಬ್ಯಾಗು. ಮುಂದೆ ಇದೆಲ್ಲ ಇಟ್ಟು ಹಿಂದೆ ಪುಸ್ತಕ ಇಟ್ಟಿರಬೇಕು ಎಂದುಕೊಂಡೆ. ಕೌಂಟರಿನಲ್ಲಿದ್ದ ಮಲಯಾಳಿಗೆ "ನಾನು ಹೊಸ ಟ್ರೈನಿ" ಅಂದೆ.

"ಕಫೀಲ್ ನನಗೆ ಹೇಳಲೇ ಇಲ್ಲ," ಎಂದು ಅವನು ತನ್ನ ಅರಬ್ಬಿ ಮಾಲೀಕನ ಮೇಲೆ ಸ್ವಲ್ಪ ಗೊಣಗಿದ. "ಇರಲಿ, ಬಂದದ್ದು ಒಳ್ಳೆಯದಾಯಿತು," ಎಂದು ನನ್ನನ್ನು ಝೆರಾಕ್ಸ್ ಮೆಷಿನ್ ಪಕ್ಕ ನಿಲ್ಲಿಸಿದ. ತರಬೇತಿ ಅಂದಮೇಲೆ ಕೆಳಗಿನಿಂದಲೇ ಶುರುವಾಗಬೇಕಲ್ಲ ಎಂದು ಶ್ರದ್ಧೆಯಿಂದ ಕೆಲಸ ಮಾಡಿದೆ. ಯಾರದೋ ಮಾರ್ಕ್ಸ್‌ಕಾರ್ಡಿಗೆ ಲ್ಯಾಮಿನೇಶನ್ ಹಾಕುತ್ತಿದ್ದಾಗ ಉಸ್ತಾದಾರ ಫೋನ್ ಬಂತು.

"ಎಲ್ಲಿದ್ದೀರಿ?"

"ಲೈಬ್ರರಿಯಲ್ಲೇ ಇದ್ದೇನೆ, ಉಸ್ತಾದಾ."

"ನಾನೂ ಲೈಬ್ರರಿಯಲ್ಲೇ ಇದ್ದೇನೆ. ನೀವು ಕಾಣುತ್ತಿಲ್ಲ."

"ಝೆರಾಕ್ಸ್ ಮೆಷಿನ್ ಹತ್ತಿರ ನೋಡಿ."

"ನಮ್ಮಲ್ಲಿ ಝೆರಾಕ್ಸ್ ಮೆಷಿನ್ ಇಲ್ಲ."

ಆಮೇಲೆ ತಿಳಿಯಿತು, ಇಲ್ಲಿಯ ಜನರ ಬಾಯಲ್ಲಿ ಸ್ಟೇಷನರಿ ಅಂಗಡಿಯೂ ಮಕ್ತಬಾವೇ. ಮುಖ ಕೆಂಪು ಮಾಡಿಕೊಂಡು ಬ್ಯಾಗು ಎತ್ತಿಕೊಂಡರೆ ಆ ಮಲಯಾಳಿಗೆ ನಿಜವಾಗಿ ಬೇಸರವಾಯಿತು. "ಎಲ್ಲಿಗೆ ಹೊರಟಿರಿ? ನಿಮ್ಮ ಲ್ಯಾಮಿನೇಶನಿನಲ್ಲಿ ಒಂದು ಗುಳ್ಳೆಯೂ ಇಲ್ಲ. ನಾಳೆ ಸ್ವಲ್ಪ ಬೇಗ ಬನ್ನಿ," ಅಂದ.

ಇಡೀ ತರಬೇತಿಯಲ್ಲಿ ನನ್ನನ್ನು ಮೊದಲ ದಿನವೇ ಹೊಗಳಿದವನು ಅವನೊಬ್ಬನೇ.

೨. ನಿಮಗೆ ನಿಜವಾಗಿ ಬೇಕಾದದ್ದೇನು?

ನಮಗೆ ಒಂದು ಪಾಠವಿತ್ತು. ಲೈಬ್ರರಿಗೆ ಬಂದವರು ಕೇಳುವುದು ಒಂದು, ಅವರಿಗೆ ಬೇಕಾಗಿರುವುದು ಇನ್ನೊಂದು. ಆದ್ದರಿಂದ ಸೀದಾ ಉತ್ತರ ಕೊಡಬಾರದು. ತಾಳ್ಮೆಯಿಂದ ಮರುಪ್ರಶ್ನೆ ಹಾಕಿ ಮನಸ್ಸಿನಲ್ಲಿರುವುದನ್ನು ಹೊರಗೆ ತೆಗೆಯಬೇಕು. ಉಸ್ತಾದಾ ಇದರ ಮೇಲೆ ಪರೀಕ್ಷೆ ಮಾಡುತ್ತಾರೆ ಎಂಬ ಸುದ್ದಿ ಬಂತು. ಅಭ್ಯಾಸಕ್ಕೆ ನನಗೆ ಸಿಕ್ಕವನು ಗಂಡ.

ಅವನು ಕೆಲಸದಿಂದ ಬಂದು ಕೈ ತೊಳೆದು, "ಊಟಕ್ಕೆ ಎಂತ ಉಂಟು?" ಅಂದ.

ನಾನು ಮುಗುಳ್ನಕ್ಕೆ. "ಊಟದ ಬಗ್ಗೆ ನಿಮಗೆ ಯಾವ ಥರದ ಮಾಹಿತಿ ಬೇಕು?"

"ಎಂತ?"

"ಸಸ್ಯಾಹಾರವೋ ಮಾಂಸಾಹಾರವೋ?"

"ಎಂತ ಮಾಡಿದ್ದಿಯೋ ಅದು."

"ಈ ವಿಷಯದ ಬಗ್ಗೆ ಈಗಾಗಲೇ ಬೇರೆ ಎಲ್ಲಾದರೂ ಹುಡುಕಿದ್ದೀರಾ?"

ಅವನು ಅನುಮಾನದಿಂದ ನನ್ನನ್ನೂ ಮುಚ್ಚಿದ ಪಾತ್ರೆಗಳನ್ನೂ ನೋಡಿದ. "ನೀನು ಅಡಿಗೆ ಮಾಡ್ಲಿಲ್ವಾ ಮಾರಾಯ್ತಿ? ಮಾಡ್ಲಿಲ್ಲ ಅಂದ್ರೆ ಸೀದಾ ಹೇಳು. ನಾನು ಹೋಟ್ಲಿಂದ ತರ್ತೇನೆ. ಇಷ್ಟು ಸುತ್ತು ಬಳಸುವುದು ಬೇಡ."

ಹೋಮ್‌ವರ್ಕ್ ಮಾಡುತ್ತಿದ್ದ ಮಗಳು ತಲೆ ಎತ್ತಲಿಲ್ಲ. ಅವಳಿಗೆ ಕೊಂಕಣಿಯೂ ಬರುತ್ತದೆ, ಕನ್ನಡವೂ ಬರುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲೇ. "ಪಪ್ಪಾ, ಜಸ್ಟ್ ಸೇ ಫಿಶ್. ಶೀ ವಿಲ್ ಸ್ಟಾಪ್," ಅಂದಳು.

೩. ಆಸ್ಪತ್ರೆ ಹತ್ತಿರ ಬಾರ್ಕಿಂಗ್

ಅಷ್ಟು ಅಭ್ಯಾಸ ಮಾಡಿದ್ದು ವಿಚಾರಣೆ ಕೌಂಟರಿನಲ್ಲಿ ಉಪಯೋಗಕ್ಕೆ ಬಂತು. ಹೇಗೆ ಬಂತು ಎಂಬುದನ್ನು ಕೇಳಿ.

ಒಬ್ಬ ವಿದ್ಯಾರ್ಥಿ ಬಂದ. ಬಿಳಿ ನಿಲುವಂಗಿ, ಒಳ್ಳೆಯ ಅತ್ತರಿನ ಪರಿಮಳ, ಬಹಳ ಮರ್ಯಾದಸ್ಥ. "ಮಿಸ್, ಬಾರ್ಕಿಂಗ್ ಬಗ್ಗೆ ಒಂದು ಪುಸ್ತಕ ಬೇಕು," ಅಂದ. ನಾಯಿ ಬೊಗಳುವುದಕ್ಕೆ ಇಂಗ್ಲಿಷಿನಲ್ಲಿ ಬಾರ್ಕಿಂಗ್ ಅನ್ನುತ್ತಾರಲ್ಲ, ಅದು. ಉಸ್ತಾದಾ ಪಕ್ಕದ ಮೇಜಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು. ನಾನು ಪಾಠದಂತೆ ಶುರು ಮಾಡಿದೆ.

"ಯಾವ ಥರದ ಬಾರ್ಕಿಂಗ್?"

"ಎಲ್ಲಾ ಥರದ್ದು. ಮುಖ್ಯವಾಗಿ ಆಸ್ಪತ್ರೆ ಹತ್ತಿರದ್ದು."

"ರಾತ್ರಿ ಹೊತ್ತು ಬಹಳ ತೊಂದರೆಯಾ?"

"ರಾತ್ರಿ ಏನಿಲ್ಲ ಮಿಸ್. ಬೆಳಿಗ್ಗೆ ತೊಂದರೆ. ಡಾಕ್ಟರುಗಳೇ ಒಂದೊಂದು ಸಲ ಸಿಟ್ಟು ಬಂದು ಎಲ್ಲೆಂದರಲ್ಲಿ ಬಾರ್ಕಿಂಗ್ ಮಾಡುತ್ತಾರೆ."

ಡಾಕ್ಟರುಗಳ ಮೇಲೆ ನನಗೆ ಕನಿಕರ ಬಂತು. ಎಷ್ಟು ಕೆಲಸದ ಒತ್ತಡ ಇರಬೇಕು ಪಾಪ. ಮನಶ್ಶಾಸ್ತ್ರದ್ದು ಕೊಡಲೋ ಪ್ರಾಣಿಗಳದ್ದು ಕೊಡಲೋ ಎಂದು ಯೋಚಿಸಿ, ಕೊನೆಗೆ ನಾಯಿಗಳ ವರ್ತನೆಯ ಬಗ್ಗೆ ಒಂದು ದಪ್ಪ ಪುಸ್ತಕ ತಂದು ಕೈಗಿಟ್ಟೆ. ಅವನು ಮುಖಪುಟದ ನಾಯಿಯನ್ನು ತುಂಬ ಹೊತ್ತು ನೋಡಿದ. ಒಳಗೆ ನಾಲ್ಕು ಪುಟ ತಿರುವಿದ. ನಾನು ಕೊಟ್ಟದ್ದನ್ನು ಬೇಡ ಅನ್ನಲು ಅವನ ಸಂಸ್ಕಾರ ಬಿಡಲಿಲ್ಲ.

ಅಷ್ಟರಲ್ಲಿ ಉಸ್ತಾದಾ ಎದ್ದು ಬಂದರು. "ಅರಬ್ಬಿಯಲ್ಲಿ ‘ಪ’ ಇಲ್ಲ," ಅಂದರು. ನನಗೆ ತಲೆಬುಡ ತಿಳಿಯಲಿಲ್ಲ. "‘ಪ’ ಇರುವ ಕಡೆ ‘ಬ’ ಅನ್ನುತ್ತೇವೆ. ಅವನಿಗೆ ಬೇಕಾದದ್ದು ಪಾರ್ಕಿಂಗ್."

ಹುಡುಗ ಸಿವಿಲ್ ಇಂಜಿನಿಯರಿಂಗ್ ವಿದ್ಯಾರ್ಥಿಯಂತೆ. ಅವನ ಮುಖ ಅರಳಿತು. "ಹೌದು ಮಿಸ್. ಈ ನಾಯಿ ಕಾರು ಓಡಿಸುತ್ತದೋ ಏನೋ ಎಂದು ಹುಡುಕುತ್ತಿದ್ದೆ," ಅಂದ.

೪. ಖಲಾಸ್

ಇದು ಚಿಕ್ಕದು. ಅರ್ಧ ತರಬೇತಿ ಮುಗಿದಾಗ ಒಂದು ರಿಪೋರ್ಟ್ ಕೊಡಬೇಕಿತ್ತು. ಉಸ್ತಾದಾ ಮೊದಲಿನಿಂದ ಕೊನೆಯವರೆಗೆ ಓದಿ, ಮುಚ್ಚಿಟ್ಟು, "ಖಲಾಸ್" ಎಂದಷ್ಟೇ ಹೇಳಿ ನಮಾಜಿಗೆ ಎದ್ದು ಹೋದರು.

ಖಲಾಸ್ ಅಂದರೆ ಇಲ್ಲಿ ‘ಆಯಿತು, ಮುಗಿಯಿತು’ ಎಂದಷ್ಟೇ ಅರ್ಥ. ಅದು ನನಗೂ ಗೊತ್ತು, ಮೀನು ಮಾರ್ಕೆಟಿನಲ್ಲಿ ನಾನೇ ಹತ್ತು ಸಲ ಅನ್ನುತ್ತೇನೆ. ಆದರೆ ಹೆದರಿದ ಮನುಷ್ಯನಿಗೆ ನೆನಪಾಗುವುದು ಊರಿನ ಅರ್ಥವೇ. ನಮ್ಮ ಕಡೆ ಒಬ್ಬರನ್ನು ಖಲಾಸ್ ಅಂದರೆ ಅವರ ಕಥೆ ಮುಗಿಯಿತು ಅಂತ. ಸ್ಕೂಲಿನ ಕೆಲಸವೂ ಹೋಯಿತು, ಮರ್ಯಾದೆಯೂ ಹೋಯಿತು ಎಂದುಕೊಂಡೆ.

ಅವರು ವಾಪಸು ಬರುವವರೆಗೆ ಕಾದು, ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ಉಸ್ತಾದಾ, ನಾನು ಖಲಾಸಾ?"

"ಇಲ್ಲ. ರಿಪೋರ್ಟ್ ಖಲಾಸ್," ಅಂದರು. ಆಮೇಲೆ ನನ್ನ ಕಡೆ ಬೆರಳು ತೋರಿಸಿ, "ನೀವು ಬಾಕಿ."

ಬಾಕಿ ಎಂಬ ಮಾತಿಗೆ ಅರಬ್ಬಿಯಲ್ಲೂ ಕನ್ನಡದಲ್ಲೂ ಒಂದೇ ಅರ್ಥ. ಅದೊಂದು ಮಾತು ಅರ್ಥವಾಗದೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅನಿಸಿತು.

೫. ಲೆಕ್ಕಕ್ಕಿಲ್ಲದ ‘ಅಲ್’

ಇಲ್ಲಿಯ ಅರ್ಧಕ್ಕರ್ಧ ಮನೆತನದ ಹೆಸರುಗಳು ‘ಅಲ್’ ಎಂದೇ ಶುರುವಾಗುತ್ತವೆ. ಲೇಖಕರನ್ನೆಲ್ಲ ‘ಅ’ ಅಕ್ಷರದಲ್ಲೇ ಇಟ್ಟರೆ ಒಂದೇ ಕಪಾಟಿನಲ್ಲಿ ಇಡೀ ಒಮಾನ್ ಕೂರಬೇಕಾಗುತ್ತದೆ. ಆದ್ದರಿಂದ ‘ಅಲ್’ ಅನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು, ಅದರ ನಂತರದ ಅಕ್ಷರದಿಂದ ಜೋಡಿಸಬೇಕು. ಇದು ನಿಯಮ. ಉಸ್ತಾದಾ ಇದನ್ನು ಹೇಳಿಕೊಟ್ಟು, ಇಂಗ್ಲಿಷ್ ಪುಸ್ತಕಗಳಲ್ಲಿ ಹಿಂದಿನವರು ತಪ್ಪು ಮಾಡಿದ್ದಾರೆ, ಸರಿಮಾಡಿ ಅಂದರು.

ಒಂದೊಂದೇ ತಿದ್ದಿದರೆ ಯಾವ ಕಾಲಕ್ಕೆ ಮುಗಿಯಬೇಕು? ನಾನು ಜಾಣೆ. ‘ಅಲ್’ ಎಂದು ಶುರುವಾಗುವ ಲೇಖಕರ ಹೆಸರಿನಲ್ಲೆಲ್ಲ ಅದನ್ನು ಕಿತ್ತುಹಾಕು ಎಂದು ಕಂಪ್ಯೂಟರಿಗೇ ಹೇಳಿದೆ. ಅದು ಕಣ್ಣು ಮುಚ್ಚಿ ತೆರೆಯುವುದರಲ್ಲಿ ಕಿತ್ತುಹಾಕಿ, ಬೆನ್ನಿಗೆ ಅಂಟಿಸುವ ಹೊಸ ಲೇಬಲುಗಳನ್ನೂ ಪ್ರಿಂಟ್ ಮಾಡಿತು. ಎಲ್ಲ ಅಂಟಿಸಿ, ಜೋಡಿಸಿ, ಹೆಮ್ಮೆಯಿಂದ ಸೊಂಟ ನೆಟ್ಟಗೆ ಮಾಡಿಕೊಂಡೆ.

ಮೌಖಿಕ ಪರೀಕ್ಷೆಯ ದಿನ ಬಂತು. ಪರೀಕ್ಷಕರು ಸೂರ್‌ನ ಒಂದು ಕಾಲೇಜಿನ ಲೈಬ್ರರಿ ನೋಡಿಕೊಳ್ಳುವ ಹಿರಿಯ ಪ್ರೊಫೆಸರ್. ನಮ್ಮ ಕರಾವಳಿಯವರೇ, ಆಳ್ವರು. ಸೂರ್‌ನಲ್ಲಿ ಮರದ ಹಡಗು ಕಟ್ಟುವವರ ಬಗ್ಗೆ ಒಂದು ಪುಸ್ತಕವನ್ನೂ ಬರೆದವರು. ಪುಸ್ತಕ ಬರೆದವರಿಗೆಲ್ಲ ಒಂದು ಚಟ ಇರುತ್ತದೆ. ಯಾವ ಲೈಬ್ರರಿಗೆ ಹೋದರೂ ಮೊದಲು ತಮ್ಮ ಪುಸ್ತಕ ಉಂಟಾ ಎಂದು ನೋಡುತ್ತಾರೆ. ಇವರೂ ಕಂಪ್ಯೂಟರಿನಲ್ಲಿ ತಮ್ಮ ಹೆಸರು ಕೊಟ್ಟರು. ಇಲ್ಲ ಎಂದು ಬಂತು. ಮತ್ತೆ ಕೊಟ್ಟರು. ಮತ್ತೆ ಇಲ್ಲ.

"ಇರಲಿಕ್ಕೇ ಬೇಕು, ನಾನೇ ತರಿಸಿದ್ದೇನೆ," ಅಂದರು ಉಸ್ತಾದಾ, ನನ್ನ ಕಡೆ ತಿರುಗಿ.

ಆಗ ಹೊಳೆಯಿತು. ಆಳ್ವ. ಇಂಗ್ಲಿಷಿನಲ್ಲಿ ಬರೆದರೆ ಮೊದಲ ಎರಡಕ್ಷರ ಏನು? ಅದೇ ‘ಅಲ್’. ನಮ್ಮೂರಿನಲ್ಲಿ ಎಡವಿ ಬಿದ್ದರೆ ಆಳ್ವರ ಅಂಗಳದಲ್ಲೇ ಬೀಳಬೇಕು, ಅಷ್ಟು ಆಳ್ವರಿದ್ದಾರೆ. ಅಂಥ ಊರಿನಿಂದ ಬಂದ ನಾನೇ ಅವರ ಅರ್ಧ ಹೆಸರು ಕಿತ್ತು ಬಿಸಾಡಿದ್ದೆ. ಸೀದಾ ಕಪಾಟಿನ ಕೊನೆಯ ಸಾಲಿಗೆ ಹೋಗಿ ಪುಸ್ತಕ ತಂದು ಕೈಗಿಟ್ಟೆ. ಬೆನ್ನ ಮೇಲೆ ಲೇಖಕರ ಹೆಸರಿನ ಜಾಗದಲ್ಲಿ ಎರಡೇ ಇಂಗ್ಲಿಷ್ ಅಕ್ಷರ, ಓದಿದರೆ ‘ವಾ’.

ಪ್ರೊಫೆಸರು ಕನ್ನಡಕ ಸರಿಮಾಡಿಕೊಂಡು ನೋಡಿದರು. ನೋಡಿ ನನ್ನನ್ನು ಕೇಳಿದರು, "ಅಲ್ಲ ಮಾರಾಯ್ರೆ, ನೀವು ಊರಿನವರಲ್ವಾ? ನನ್ನನ್ನು ಅರಬ್ಬಿ ಮಾಡಿದ್ದು ಇರ್ಲಿ. ಪುಸ್ತಕ ಓದಿದವ ಒಬ್ಬನಾದ್ರೂ ‘ವಾ’ ಹೇಳ್ಲಿ ಅಂತ ಕಾಯ್ತಾ ಇದ್ದೆ. ಇಲ್ಲಿ ಲೇಬಲೇ ಹೇಳ್ತಾ ಉಂಟಲ್ಲ!"

ಉಸ್ತಾದಾರಿಗೂ ಇಂಗ್ಲಿಷಿನಲ್ಲಿ ವಿವರಿಸಿದರು. ಅವರು ಮೇಜು ಹಿಡಿದುಕೊಂಡು ನಕ್ಕರು. ಓದುತ್ತಿದ್ದ ಹುಡುಗಿಯರು "ಶ್" ಅಂದರು. ಲೈಬ್ರರಿಯ ಮುಖ್ಯಸ್ಥೆಗೇ! ಕಣ್ಣೊರೆಸಿಕೊಂಡು ಉಸ್ತಾದಾ ನನಗೆ, "ತಪ್ಪು ಮಾಡಿದಿರಿ. ಆದರೆ ತಪ್ಪು ಎಲ್ಲಿದೆ ಎಂದು ಹುಡುಕಿ ತಂದಿರಿ. ಪುಸ್ತಕ ಸಿಗುವಂತೆ ಮಾಡುವವಳೇ ಲೈಬ್ರೇರಿಯನ್. ಪಾಸ್. ನಾಳೆಯೊಳಗೆ ಎಲ್ಲ ಲೇಬಲ್ ತಿದ್ದಿ," ಅಂದರು. ನನಗೆ ಅಳು ಬಂತು. ಸಂತೋಷಕ್ಕೇ ಬಂದದ್ದು.

ಸರ್ಟಿಫಿಕೇಟ್ ತರಲು ಆಫೀಸಿಗೆ ಹೋದರೆ ಗುಮಾಸ್ತ ಹುಡುಕಿ ಹುಡುಕಿ, "ನಿಮ್ಮ ಹೆಸರಿನದು ಇಲ್ಲ," ಅಂದ. ಸ್ಕೂಲಿನವರು ಅದರ ಕಾಪಿ ಆ ದಿನವೇ ಕಳಿಸಿ ಎಂದಿದ್ದರು, ಇಲ್ಲವಾದರೆ ಬೇರೆಯವರನ್ನು ನೋಡುತ್ತಾರಂತೆ. ಉಸ್ತಾದಾ ಬಂದು ಅವನ ಕಪಾಟನ್ನು ಒಮ್ಮೆ ನೋಡಿ, "‘ಬ’ ಅಕ್ಷರದಲ್ಲಿ ನೋಡು," ಅಂದರು. ಸಿಕ್ಕಿತು.

ನನ್ನ ಹೆಸರು ಆಲ್ಬಿನಾ, ನನ್ನ ಅಜ್ಜಿಯ ಹೆಸರು. ಸರ್ಟಿಫಿಕೇಟಿನಲ್ಲಿ ಚಿನ್ನದ ಬಣ್ಣದಲ್ಲಿ ‘ಅಲ್ ಬೀನಾ’ ಎಂದಿತ್ತು.

ಈ ಸಲ ನಾನು ಏನೂ ಮಾಡಿರಲಿಲ್ಲ, ದೇವರಾಣೆ. ತಿದ್ದಿಸುತ್ತ ಕೂತರೆ ಹೊತ್ತು ಮೀರುತ್ತದೆ ಎಂದು ಅದನ್ನೇ ಸ್ಕೂಲಿಗೆ ಕಳಿಸಿದೆ.

ಸಂಜೆಗೆ ಸ್ಕೂಲ್ ಆಫೀಸಿನಿಂದ ಫೋನ್ ಬಂತು. ಹೆಂಗಸಿನ ದನಿ, ಬಹಳ ಗೌರವದಿಂದ. "ಅಸ್ಸಲಾಮು ಅಲೈಕುಂ. ಮಿಸೆಸ್ ಅಲ್ ಬೀನಾ? ವಾರ ಶುರುವಾಗುವ ಭಾನುವಾರವೇ ಡ್ಯೂಟಿಗೆ ಸೇರಬಹುದಾ?" ಇಂಗ್ಲಿಷಿನಲ್ಲೇ ಕೇಳಿದರೂ ಆ ಇಂಗ್ಲಿಷಿನೊಳಗೆ ಮಂಗಳೂರು ಸ್ಪಷ್ಟವಾಗಿ ಕೇಳಿಸಿತು. ಕೆಲಸ ಸಿಕ್ಕ ಖುಷಿಯಲ್ಲಿ ನಾನೂ ತಡೆಯಲಾರದೆ, "ಬರ್ತೇನೆ ಮಾರಾಯ್ರೆ, ಎಷ್ಟು ಗಂಟೆಗೆ ಬರ್ಬೇಕು ಹೇಳಿ!" ಅಂದೆ.

ಆ ಕಡೆ ಆಕೆ ಫೋನಿಗೆ ಕೈ ಅಡ್ಡ ಇಟ್ಟು ಕೂಗಿದ್ದು ನನಗೆ ಚೆನ್ನಾಗಿಯೇ ಕೇಳಿಸಿತು:

"ಸರ್, ಬೇಗ ಬನ್ನಿ! ಇಲ್ಲೊಬ್ರು ಒಮಾನಿ ಹೆಂಗಸು, ನಮಗಿಂತ ಚಂದ ಮಂಗ್ಳೂರು ಕನ್ನಡ ಮಾತಾಡ್ತಾರೆ!"