ತಿಪ್ಪೆಯ ಪಕ್ಕದಿಂದ ಗುಡ್ಡದ ದರ್ಶನ

ಜಮೀನಿಗೆ ಪಹಣಿ ಇರುತ್ತದೆ, ಮನೆಗೆ ಖಾತೆ ಇರುತ್ತದೆ. ಆದರೆ ಅಂಗಳದಿಂದ ಕಾಣುವ ಗುಡ್ಡ ಯಾರ ಹೆಸರಿನಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ಕೇಳದಿದ್ದ ಕಾರಣ ಅದು ನಮ್ಮದೇ ಎಂದು ನಾನು ಮದುವೆಯಾಗಿ ಬಂದ ಲಾಗಾಯ್ತು ತಿಳಿದುಕೊಂಡಿದ್ದೆ. ಹಿರೇನಲ್ಲೂರಿನ ಕಡೆಯ ನಮ್ಮ ಹೊಲಗಳಾಚೆ, ಮಲಗಿದ ಎಮ್ಮೆಯ ಬೆನ್ನಿನಂಥ ಬೋಳುಗುಡ್ಡ. ಅದರ ನೆತ್ತಿಯ ಮೇಲೆ ಗಾಳಿಯಿಂದ ಕರೆಂಟು ತೆಗೆಯುವ ಫ್ಯಾನ್ ಎದ್ದು ನಿಂತಿತು. ಗಾಳಿಯಂತ್ರ ಎಂದು ಬರೆಯಬೇಕೇನೋ, ಆದರೆ ನಮ್ಮೂರಲ್ಲಿ ಹಾಗೆಂದರೆ ರಾಗಿ ತೂರುವ ಯಂತ್ರವೇ ಎಂದು ಕೇಳುತ್ತಾರೆ. ಮೂರು ರೆಕ್ಕೆಯ ಆ ಬಿಳಿ ಕಂಬ ನನ್ನ ಕಣ್ಣಿಗೆ, ದನದ ಡಾಕ್ಟರು ಎಮ್ಮೆಗೆ ಚುಚ್ಚಿ, ತೆಗೆಯುವುದನ್ನು ಮರೆತು ಹೋದ ಸೂಜಿಯಂತೆ ಕಂಡಿತು.

ಬರೀ ಕಣ್ಣಿನ ತೊಂದರೆಯಾಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಅದು ಕಾಫಿಗೆ ಬಂತು. ನಮ್ಮತ್ತೆ ಬೆಳಗ್ಗೆ ಮುಖ ತೊಳೆದು, ತುಳಸಿಕಟ್ಟೆಯ ಹತ್ತಿರ ನಿಂತು, ಗುಡ್ಡದ ನೆತ್ತಿಯಲ್ಲಿರುವ ರಂಗಪ್ಪನ ಕಲ್ಲಿಗೆ ಕೈ ಮುಗಿದ ಮೇಲೆಯೇ ಕಾಫಿ ಕುಡಿಯುವವರು. ಅತ್ತೆ ಕುಡಿಯದೆ ಸೊಸೆ ಕುಡಿಯುವುದು ನಮ್ಮ ಮನೆಯಲ್ಲಿ ಇಲ್ಲ. ಫ್ಯಾನ್ ತಿರುಗಲು ಶುರುವಾದ ಮೊದಲ ದಿನ ಅತ್ತೆ ಎತ್ತಿದ ಕೈ ಇಳಿಸಿಬಿಟ್ಟರು.

"ಏನೇ ಇದು? ನಾನು ಕೈ ಮುಗುದ್ರೆ ಅದು ಬ್ಯಾಡ ಬ್ಯಾಡ ಅಂತ ಕೈ ಆಡಿಸ್ತೈತೆ!"

ಅವತ್ತು ಕಾಫಿ ಒಲೆಯ ಮೇಲೆಯೇ ಆರಿತು. ನನಗೆ ತಲೆನೋವು ಹಿಡಿಯಿತು. "ಫ್ಯಾನ್ ನೋಡ್‌ಬ್ಯಾಡಿ, ಕಲ್ಲು ನೋಡಿ, ಅಷ್ಟೇ" ಎಂದು ನಮ್ಮ ಯಜಮಾನರು ಬುದ್ಧಿ ಹೇಳಿದರು. ಗೋಡೆಯ ಕ್ಯಾಲೆಂಡರು ಒಂದು ಬೆರಳು ಓರೆಯಾಗಿದ್ದರೆ ಊಟ ಬಿಟ್ಟು ಏಳುವ ಮನುಷ್ಯ ಇವರು.

ಫ್ಯಾನ್ ಕಾಣದೆ ಕಲ್ಲು ಮಾತ್ರ ಕಾಣುವ ಜಾಗವನ್ನು ಹುಡುಕುವ ಹೊಣೆ ನಾನೇ ಹೊತ್ತೆ. ಮೊದಲು ಅತ್ತೆಯನ್ನು ತೆಂಗಿನಮರದ ಹಿಂದೆ ನಿಲ್ಲಿಸಿದೆ. ಕಂಬವೇನೋ ಮರೆಯಾಯಿತು, ರೆಕ್ಕೆಗಳು ಮಾತ್ರ ಮರದ ಆ ಕಡೆ ಈ ಕಡೆ ಸರದಿಯಂತೆ ಹೊರಬಂದು, ನಮ್ಮ ತೆಂಗಿನಮರವೇ ತೋಳು ಬೀಸುತ್ತಿರುವಂತಾಯಿತು. "ಮರಕ್ಕೇ ಗಾಳಿ ಮೆಟ್ಕಂಡೈತಲ್ಲೇ" ಎಂದು ಅತ್ತೆ ಹಿಂದೆ ಸರಿದರು. ಕೊಟ್ಟಿಗೆ ಮೂಲೆ, ನೀರಿನ ತೊಟ್ಟಿ, ಎಲ್ಲ ಆಯಿತು. ಕೊನೆಗೆ ಸರಿಯಾದ ಜಾಗ ಸಿಕ್ಕಿತು. ಅಲ್ಲಿ ನಿಂತರೆ ನಮ್ಮ ಹುಲ್ಲಿನ ಬಣವೆ ಫ್ಯಾನನ್ನು ಪೂರ್ತಿ ನುಂಗಿ, ರಂಗಪ್ಪನ ಕಲ್ಲನ್ನು ಮಾತ್ರ ಉಳಿಸುತ್ತಿತ್ತು. ತೊಂದರೆ ಒಂದೇ, ಎದುರಿಗೆ ಪಕ್ಕದ ಮನೆ ಪುಟ್ಟಮ್ಮನ ತಿಪ್ಪೆ.

ದೀಪಾವಳಿಯಲ್ಲಿ ತಿಪ್ಪೆಗೆ ಕೈ ಮುಗಿಯುವುದು ಎಲ್ಲರೂ ಮಾಡುವುದೇ. ದಿನಾ ಮುಗಿಯುವವರು ಬಹುಶಃ ನಾವೇ ಮೊದಲು, ಅದೂ ಇನ್ನೊಬ್ಬರ ತಿಪ್ಪೆಗೆ. "ನಮ್ ಗೊಬ್ರದಾಗೆ ಏನ್ ಕಂಡ್ರಿ ಅಕ್ಕಾ?" ಎಂದು ಪುಟ್ಟಮ್ಮ ಸುಮ್ಮನೆ ಕೇಳಿದಳು. ಆದರೆ ಸುದ್ದಿ ಸುಮ್ಮನಿರಲಿಲ್ಲ. ಅಜ್ಜಂಪುರದ ಒಂದು ಮದುವೆಯಲ್ಲಿ, ಗುರುತಿಲ್ಲದ ಹೆಂಗಸೊಬ್ಬರು ನನ್ನ ಪಕ್ಕ ಕೂತು, "ನಿಮ್ ಕಡೆ ತಿಪ್ಪೆಗೆ ನಡ್ಕಂಡ್ರೆ ರಾಗಿ ಚೆನ್ನಾಗ್ ಬತ್ತದಂತಲ್ಲ, ಎಷ್ಟು ವಾರ ಮಾಡ್ಬೇಕು?" ಎಂದು ಕೇಳಿದರು. ನಾನು ಹೋಳಿಗೆಯ ಕಡೆ ಮುಖ ತಿರುಗಿಸಿದೆ.

ಲೆಕ್ಕಕ್ಕೆ ಹಿಡಿಯದ ಇನ್ನೊಂದು ಸಂಗತಿಯಿತ್ತು. ಬಣವೆಯನ್ನು ದನ ತಿನ್ನುತ್ತವೆ. ಯಜಮಾನರು ದಿನಾ ಹುಲ್ಲು ಹಿರಿದಂತೆ ಅದು ತಗ್ಗಿತು. ಒಂದು ದಿನ ಬಣವೆಯ ತಲೆಯ ಮೇಲಿಂದ ಬಿಳಿ ರೆಕ್ಕೆಯ ತುದಿ ಇಣುಕಿತು.

"ಆ ಕಡೆಯಿಂದ ಹಿರೀಬೇಡಿ ಅಂದ್ರೆ" ಎಂದು ಕೂಗಿದೆ.

"ನಿನ್ನ ಕಾಫಿಗೋಸ್ಕರ ದನ ಉಪವಾಸ ಕೆಡವ್ಲೇನೇ?"

ಮಾರನೆಯ ಬೆಳಗ್ಗೆ ದಟ್ಟ ಮಂಜು. ಗುಡ್ಡವೂ ಇಲ್ಲ, ಕಲ್ಲೂ ಇಲ್ಲ. ಮಂಜಿನ ಮೇಲೆ ರೆಕ್ಕೆಯ ತುದಿಯೊಂದೇ ಆಗಾಗ ಮೇಲೆದ್ದು ಮುಳುಗುತ್ತಿತ್ತು. ಇವತ್ತು ಕಾಫಿ ಇಲ್ಲ ಎಂದುಕೊಂಡು ಹೊರಬಂದರೆ, ಅತ್ತೆ ತುಳಸಿಕಟ್ಟೆಯ ಹತ್ತಿರವೇ ನಿಂತು ನೆಟ್ಟಗೆ ಅದಕ್ಕೇ ಕೈ ಮುಗಿಯುತ್ತಿದ್ದಾರೆ!

"ಅತ್ತೆ, ಅದು ಫ್ಯಾನು."

"ಗೊತ್ತು ಕಣೇ. ಅದರ ಬುಡದಾಗೇ ಅಲ್ವಾ ರಂಗಪ್ಪ ಇರಾದು? ಅದಿಲ್ದಿದ್ರೆ ಈ ಮಂಜಿನಾಗೆ ಅವನ್ನ ಎಲ್ಲಿ ಹುಡುಕ್ಲಿ? ಕಾಫಿ ತಗಂಬಾ."

"ಮೊದಲೇ ಹೇಳಬಾರದಿತ್ತಾ? ಇಷ್ಟು ದಿನ ತಿಪ್ಪೆ ಹತ್ರ ನಿಂತಿದ್ದೆವಲ್ಲ!"

ಅತ್ತೆ ಲೋಟ ಊದುತ್ತಾ ಹೇಳಿದರು: "ಮೊದಲ್ನೇ ದಿನ ಕಸಿವಿಸಿ ಆಗಿದ್ದು ನಿಜ. ಆಮ್ಯಾಕೆ ಅಭ್ಯಾಸ ಆಯ್ತು. ನೀನು ಅಷ್ಟು ಆಸೆಯಿಂದ ಕೈ ಹಿಡ್ಕಂಡ್ ಕರ್ಕಂಡ್ ಹೋಗ್ತಿದ್ದೆ. ಬ್ಯಾಡ ಅಂದ್ರೆ ಬೇಜಾರ್ ಮಾಡ್ಕಂತೀಯ ಅಂತ ಬತ್ತಿದ್ದೆ."

ಈಗ ಅತ್ತೆಯದು ಅಂಗಳದಲ್ಲೇ ನಮಸ್ಕಾರ, ಹೊತ್ತಿಗೆ ಸರಿಯಾಗಿ ಕಾಫಿ. ನಾನು ಮಾತ್ರ ನನ್ನ ಲೋಟ ಹಿಡಿದು ತಿಪ್ಪೆಯ ಹತ್ತಿರ ಹೋಗುತ್ತೇನೆ. ಬೋಳುಗುಡ್ಡ ಬೇಕಾಗಿದ್ದುದು ರಂಗಪ್ಪನಿಗಲ್ಲ, ಅತ್ತೆಗಲ್ಲ, ನನಗೇ ಎಂದು ತಿಳಿಯಲು ಇಷ್ಟು ಓಡಾಡಬೇಕಾಯಿತು. ಬಣವೆ ತಗ್ಗಿದಂತೆ ನಾನೂ ತಗ್ಗುತ್ತಿದ್ದೇನೆ. ಮೊದಲು ನಿಂತು ನೋಡುತ್ತಿದ್ದೆ, ಆಮೇಲೆ ಬಗ್ಗಿ ನೋಡಿದೆ, ಈಗ ಕುಕ್ಕರಗಾಲಿನಲ್ಲಿ ಕೂತರೆ ಮಾತ್ರ ಫ್ಯಾನ್ ಮರೆಯಾಗುತ್ತದೆ. ನಿನ್ನೆ ಪುಟ್ಟಮ್ಮ ಮಂಕರಿ ತಂದು ಸೆಗಣಿ ಸುರಿದು, ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡುತ್ತಾ ಅಂದಳು:

"ಅಕ್ಕಾ, ಉದ್ದಂಡ ನಮಸ್ಕಾರ ಹಾಕೋ ದಿನ ಒಂದ್ ಮಾತು ಹೇಳು. ಗೊಬ್ರ ಸ್ವಲ್ಪ ಆ ಕಡೆ ಎಳಸ್ತೀನಿ."