ಮಂಚದ ಕೆಳಗಿನ ಧೈರ್ಯ

ಗಡಿಯಾರ ರಿಪೇರಿಯ ಮೆತ್ತಗಣ್ಣನ ಮನೆಯಲ್ಲಿ ಹತ್ತು ದಿನಗಳಿಂದ ಒಂದು ಗಡಿಯಾರವೂ ನಡೆಯುತ್ತಿರಲಿಲ್ಲ. ನಿಲ್ಲಿಸಿದವನು ಅವನೇ. ಟಿಕ್ ಟಿಕ್ ಸದ್ದಿಗೂ ನಡುಗುವ ನಾಯಿಯೊಂದನ್ನು ಪ್ರಾಣಿಗಳ ಆಶ್ರಯಧಾಮದಿಂದ ತಂದಿದ್ದ. ಬಂದ ದಿನವೇ ಅದು ಮಂಚದ ಕೆಳಗೆ ನುಗ್ಗಿತು. ತಟ್ಟೆಯನ್ನು ಅಲ್ಲಿಗೇ ತಳ್ಳಿ, ಎಲ್ಲರೂ ಆಚೆ ಹೋದರೆ ಮಾತ್ರ ತಿನ್ನುತ್ತಿತ್ತು.

ಇವತ್ತು ಸಂಜೆ ಐದಕ್ಕೆ ಆಶ್ರಯಧಾಮದ ಮೇಡಂ ಬರುವವರಿದ್ದರು. ನಾಯಿ ತಾನಾಗಿ ಹೊರಬಂದು ಜನರೆದುರು ನಿಂತರೆ ಸರಿ, ಇಲ್ಲದಿದ್ದರೆ ವಾಪಸು ಕರೆದೊಯ್ಯುತ್ತೇವೆ ಎಂದು ಖಡಾಖಂಡಿತವಾಗಿ ಹೇಳಿದ್ದರು. ಮೆತ್ತಗಣ್ಣ ಬೆಳಗಿನ ತಿಂಡಿಯನ್ನೂ ಮುಟ್ಟಿರಲಿಲ್ಲ. ಆಶ್ರಯಧಾಮದಲ್ಲಿ ಉಳಿದ ನಾಯಿಗಳೆಲ್ಲ ಕಂಬಿಗೆ ಹಾರುತ್ತಿದ್ದಾಗ ಇದೊಂದೇ ಗೋಡೆಗೆ ಮುಖಮಾಡಿ ಕೂತಿತ್ತು. ನೆಂಟರು ಬಂದಾಗ ತಾನು ಅಡುಗೆಮನೆಯಲ್ಲಿ ಕೂರುವುದೂ ಹೀಗೇ ಅಲ್ಲವೇ ಎನಿಸಿ, ಅವನು ಅಲ್ಲೇ ಅದರ ಮೇಲೆ ಜೀವ ಇಟ್ಟುಬಿಟ್ಟಿದ್ದ.

"ಹುಡುಕಿ ಹುಡುಕಿ ನಿನ್ನಂಥದ್ದನ್ನೇ ತಂದ್ಯಲ್ಲೋ," ಎಂದಳು ಜೊತೆಗೇ ಇರುವ ಅಕ್ಕ.

ಅಷ್ಟರಲ್ಲಿ ಮಹಡಿಯ ಮೇಲಿನ ನಿವೃತ್ತ ಡ್ರಿಲ್ ಮಾಸ್ತರರು ಕರೆಯದೆಯೇ ಇಳಿದುಬಂದರು. "ಧೈರ್ಯ ಬೇಡಿದರೆ ಬರಲ್ಲ ಕಣಯ್ಯಾ, ಬರಿಸಬೇಕು! ಸರಿ ಆ ಕಡೆ," ಎಂದು ಮಂಚದ ಮುಂದೆ ಮಂಡಿಯೂರಿ ಸೀಟಿ ಊದಿದರು. ನಾಯಿ ಒಂದು ಮೊಳ ಹಿಂದಕ್ಕೆ ಸರಿದು ಟ್ರಂಕಿನ ಮರೆ ಸೇರಿತು.

"ನೋಡಿದ್ಯಾ, ಅಲ್ಲಾಡ್ತು!"

"ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ, ಊದಬೇಡಿ."

ಮಾಸ್ತರರು ಮತ್ತೆ ಊದಿದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅಕ್ಕ ನೆರವಾಗಲು ಹೋಗಿ ಟ್ರಂಕನ್ನು ಎಳೆದಳು. ಟ್ರಂಕು ಕಿರ್ರೆಂದು ಕಿರುಚಿತು, ಮೇಲಿದ್ದ ಬಿಡಿಭಾಗಗಳ ಡಬ್ಬಿ ಉರುಳಿ ನೂರಾರು ಹಲ್ಲುಗಾಲಿಗಳು ನೆಲದ ತುಂಬ ಓಡಿದವು. ನಾಯಿ ಹೆದರಿ ನಿಂತಲ್ಲೇ ಒದ್ದೆ ಮಾಡಿತು. ಅದನ್ನು ಒರೆಸಿ, ಇದನ್ನು ಹೆಕ್ಕುವ ಹೊತ್ತಿಗೆ ಎಷ್ಟು ಸಮಯ ಕಳೆಯಿತೋ ಯಾರಿಗೂ ಗೊತ್ತಾಗಲಿಲ್ಲ.

ಮೆತ್ತಗಣ್ಣ ಗಾಬರಿಯಿಂದ ಗೋಡೆ ನೋಡಿದ. ಹನ್ನೊಂದು ಗಡಿಯಾರ, ಹನ್ನೊಂದು ಹೊತ್ತು. ಅವುಗಳಲ್ಲೊಂದು ಮೂರೂವರೆ ತೋರಿಸುತ್ತಿತ್ತು. ಆಪತ್ತಿನಲ್ಲಿರುವವನು ತನಗೆ ಬೇಕಾದ್ದನ್ನೇ ನಂಬುತ್ತಾನೆ, ಅವನೂ ನಂಬಿದ. ಹುಟ್ಟಿದಾರಭ್ಯ ಎತ್ತದ ದನಿ ಎತ್ತಿ, "ಇಬ್ಬರೂ ಅಡುಗೆಮನೇಗೆ ನಡೀರಿ!" ಎಂದ. ಬೆರಗಿಗೇ ಇಬ್ಬರೂ ನಡೆದರು.

ಅವನು ಬಿಸ್ಕತ್ತು ಹಿಡಿದು ಮಂಚದ ಕೆಳಗೆ ಹೊಟ್ಟೆಯ ಮೇಲೆ ತೆವಳಿದ. "ನನಗೂ ಹೀಗೇ ಆಗತ್ತೆ ಮರಿ," ಎಂದು ಪಿಸುಗುಟ್ಟಿದ. "ಇವತ್ತೊಂದು ದಿನ ಹೊರಗೆ ಬಾ. ಆಮೇಲೆ ಬೇಕಾದ್ರೆ ಇಬ್ಬರೂ ಇಲ್ಲೇ ಇರೋಣ."

ನಾಯಿ ನೋಡಿತು. ಮೂಗು ಮುಂದೆ ಬಂತು, ಕತ್ತು ಬಂತು. ಕೊನೆಗೆ ಅವನ ಕೈಯಿಂದಲೇ ಬಿಸ್ಕತ್ತು ತಿಂದು ಬೆರಳು ನೆಕ್ಕಿತು. ಮೆತ್ತಗಣ್ಣನ ಕಣ್ಣಲ್ಲಿ ನೀರು ಬಂತು. ಇನ್ನು ಹಿಂದಕ್ಕೆ ಸರಿದರೆ ಇದೂ ಹಿಂದೆಯೇ ಬಂದೀತೆಂದು ಸರಿಯಹೋದ. ಆಗಲಿಲ್ಲ. ಸೊಂಟದ ಬೆಲ್ಟು ಮಂಚದ ತಂತಿಗೆ ಸಿಕ್ಕಿಕೊಂಡಿತ್ತು.

ಆಗಲೇ ಕರೆಗಂಟೆ ಮೊಳಗಿತು. ಐದಾಗಿತ್ತು. ಅಕ್ಕ ಓಡಿಬಂದು ಬಾಗಿಲು ತೆರೆದಳು.

ಬೆನ್ನಿಗೆ ತನ್ನವನೊಬ್ಬನಿದ್ದಾನೆಂಬ ಭರವಸೆಯೋ, ಇಬ್ಬರಿಗೆ ಜಾಗ ಸಾಲಲಿಲ್ಲವೋ, ನಾಯಿ ಮೆತ್ತಗಣ್ಣನ ಪಕ್ಕದಲ್ಲಿ ನುಸುಳಿ ಹೊರಗೆ ನಡೆಯಿತು. ಮೇಡಂ ಅವರ ಕೈ ಮೂಸಿತು, ಬಾಲ ಅಲ್ಲಾಡಿಸಿತು.

"ಭೇಷ್! ಇದು ಪಾಸು!" ಎಂದರು ಮೇಡಂ. "ಎಲ್ಲಿ, ಇದರ ಯಜಮಾನರು?"

"ಇಲ್ಲಿದ್ದೀನಿ ಮೇಡಂ," ಎಂದಿತು ಮಂಚದ ಕೆಳಗಿನಿಂದ ಒಂದು ಕೀರಲು ದನಿ.

ಮೇಡಂ ಬಗ್ಗಿ ನೋಡಿದರು. ತಕ್ಷಣ ದನಿ ತಗ್ಗಿಸಿದರು. "ಶ್, ಯಾರೂ ಕೂಗಬೇಡಿ, ಕಾಲು ಹಿಡಿದು ಎಳೀಬೇಡಿ. ಎಷ್ಟು ದಿನದಿಂದ ಹೀಗೆ?"

"ಚಿಕ್ಕಂದಿನಿಂದ್ಲೂ," ಎಂದಳು ಅಕ್ಕ.

"ಹೆದರಿಕೆ ಅಲ್ಲ ಮೇಡಂ! ಬೆಲ್ಟು ಸಿಕ್ಕೊಂಡಿದೆ!"

"ಹೌದು ಹೌದು. ಹೆದರಿದವರು ಮೊದಲು ಏನಾದರೊಂದು ನೆಪ ಹೇಳ್ತಾರೆ," ಎಂದು ರಮಿಸುತ್ತ, ಮೇಡಂ ಅವನ ಮುಖದ ಹತ್ತಿರ ಒಂದು ಬಿಸ್ಕತ್ತು ಇಟ್ಟು ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ ನಿಟ್ಟುಸಿರಿಟ್ಟರು. "ನಾಯಿ ಈಗಷ್ಟೇ ಧೈರ್ಯ ಕಲಿತಿದೆ. ಇವರನ್ನ ನೋಡ್ತಾ ಇದ್ರೆ ಮತ್ತೆ ಒಳಗೆ ಸೇರ್ಕೊಳ್ಳತ್ತೆ. ಇದಕ್ಕೆ ಗಟ್ಟಿ ಎದೆಯವರ ಮನೆ ಬೇಕು."

"ನಾನಿದ್ದೀನಲ್ಲ ಮೇಡಂ! ಮಹಡಿಯಲ್ಲೇ!" ಮಾಸ್ತರರು ಎದೆಯುಬ್ಬಿಸಿದರು.

"ಮೇಡಂ, ಅದು ನನ್ನ ನಾಯಿ! ನಾನೇ ಅದನ್ನ ಹೊರಗೆ ಕಳಿಸಿದ್ದು!"

"ಬೇಜಾರು ಮಾಡ್ಕೋಬೇಡಿ. ಹತ್ತು ದಿನ ಬಿಟ್ಟು ನಿಮ್ಮನ್ನ ನೋಡೋಕೆ ಬರ್ತೀನಿ. ಅಷ್ಟರಲ್ಲಿ ನೀವಾಗಿ ಹೊರಗೆ ಬಂದಿದ್ರೆ ಯೋಚಿಸೋಣ."

ಎಲ್ಲರೂ ಹೊರಟರು. ಮಹಡಿಯ ಮೆಟ್ಟಿಲ ಮೇಲೆ ನಾಯಿಯ ಉಗುರಿನ ಸದ್ದು ಏರುತ್ತ ಹೋಯಿತು. ಆಮೇಲೆ, ಹತ್ತು ದಿನ ತುಟಿ ಬಿಚ್ಚದಿದ್ದ ಅದು, ಮೊದಲ ಸಲ ಗಂಟಲು ತುಂಬ ಬೊಗಳಿತು. ಎಂಥ ದನಿ! ಮಂಚದ ಕೆಳಗೆ ಮಲಗಿದ್ದ ಮೆತ್ತಗಣ್ಣನಿಗೆ ಹೆಮ್ಮೆಯಿಂದ ಎದೆ ತುಂಬಿತು, ಹೊಟ್ಟೆಯೂ ಉರಿಯಿತು. ಬೆಳಗಿನಿಂದ ಏನೂ ತಿಂದಿರಲಿಲ್ಲವಾದ್ದರಿಂದ, ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಬಿಸ್ಕತ್ತಿಗೆ ಕತ್ತು ಚಾಚಿದ.